ಒಳ್ಳೆಯ ಕೆಲಸದವಳು
(ಅತಿಥಿ ಉಪನ್ಯಾಸದ ಪಠ್ಯ)



ಊರಿನಿಂದ ಬಂದ ಅತಿಥಿಗೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಡಬಾರದು. ನಿಮ್ಮ ಕಾರ್ಯದರ್ಶಿಗಳು ವಚನ ಸಾಹಿತ್ಯ, ಕುಮಾರವ್ಯಾಸ, ಹೊರನಾಡಿನಲ್ಲಿ ಕನ್ನಡದ ಅಳಿವು ಉಳಿವು ಎಂಬ ಮೂರು ವಿಷಯಗಳನ್ನು ಸೂಚಿಸಿ, ಇವುಗಳಲ್ಲಿ ಯಾವುದಾದರೂ ಆಗಬಹುದು ಎಂದಿದ್ದರು. ನಾನು ಕೆಲಸದವಳನ್ನು ಕುರಿತು ಮಾತನಾಡುತ್ತೇನೆ ಎಂದೆ. ದೂರವಾಣಿಯ ಆ ತುದಿಯಲ್ಲಿ ಕೆಲವು ಕ್ಷಣ ಸದ್ದಿರಲಿಲ್ಲ. ಆದರೆ ಈ ನಗರದಲ್ಲಿ ನಾನು ಕಳೆದ ಏಳು ವರ್ಷಗಳ ಅನುಭವದ ಮೇಲೆ ಹೇಳುತ್ತೇನೆ: ನಾಲ್ಕು ಕನ್ನಡ ಕುಟುಂಬಗಳು ಕಲೆತಾಗ ಅಳಿವು ಉಳಿವಿನ ಚರ್ಚೆ ಕಾಫಿ ಬರುವವರೆಗೆ ನಡೆಯುತ್ತಿತ್ತು. ಕಾಫಿ ಬಂದ ಮೇಲೆ ಊಟದ ಎಲೆ ಹಾಕುವವರೆಗೂ ನಡೆಯುತ್ತಿದ್ದುದು ಕೆಲಸದವಳ ಮಾತೇ. ಆದ್ದರಿಂದ ವಿಷಯ ಸಾಹಿತ್ಯಕವಲ್ಲದಿದ್ದರೂ ಜನಪದಕ್ಕೆ ಹತ್ತಿರವಾದದ್ದೆಂದು ಒಪ್ಪಿಕೊಳ್ಳಬೇಕಾಗಿ ವಿನಂತಿ.

ನಮ್ಮ ಮದುವೆ ಮೈಸೂರಿನಲ್ಲಿ 1993ರ ಕೊನೆಯಲ್ಲಿ ನಡೆಯಿತು. ನಮ್ಮ ತಾಯಿಯವರ ಮನೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಹಿತ್ತಿಲ ಬಾಗಿಲು ಸದ್ದಾಗುತ್ತಿತ್ತು. ಹುಣಿಸೆಹಣ್ಣು, ಬೂದಿ, ತೆಂಗಿನ ನಾರುಗಳ ಒಂದು ಸಂಗೀತ ಕೇಳಿಬರುತ್ತಿತ್ತು. ಏಳಕ್ಕೆ ಅಂಗಳದಲ್ಲಿ ರಂಗೋಲಿ ಬಿದ್ದಿರುತ್ತಿತ್ತು. ಇದನ್ನೆಲ್ಲ ಯಾರು ಮಾಡುತ್ತಾರೆಂಬ ಪ್ರಶ್ನೆ, ಸೂರ್ಯನನ್ನು ಯಾರು ಹುಟ್ಟಿಸುತ್ತಾರೆಂಬ ಪ್ರಶ್ನೆಯಷ್ಟೇ ನನಗೆ ಅನವಶ್ಯಕವಾಗಿತ್ತು. ಆಕೆಯನ್ನು ನಾವು ‘ಪಾತ್ರೆಯವಳು’ ಎನ್ನುತ್ತಿದ್ದೆವು. ನನ್ನ ಪತ್ನಿಯ ತವರಿನಲ್ಲಿ ಇಬ್ಬರಿದ್ದರು: ಪಾತ್ರೆಯವಳು ಮತ್ತು ಬಟ್ಟೆಯವಳು. ಹೀಗೆ ಮೂರು ಜನರ ಬೆನ್ನಿನ ಮೇಲೆ ಬೆಳೆದ ನಾವಿಬ್ಬರು 1994ರ ಫೆಬ್ರುವರಿಯಲ್ಲಿ ಜುರಾಂಗ್ ವೆಸ್ಟಿನ ಹನ್ನೊಂದನೆಯ ಮಹಡಿಯ ಒಂದು ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದೆವು.

ಜುರಾಂಗ್ ಹಿಂದೆ ಜೌಗು ನೆಲ. 1961ರ ವೇಳೆಗೆ ಅರ್ಥಸಚಿವ ಗೋ ಕೆಂಗ್ ಸ್ವೀ ಅವರು ಅಲ್ಲಿ ಕೈಗಾರಿಕಾ ಪಟ್ಟಣವನ್ನು ಕಟ್ಟಹೊರಟಾಗ ಜನ ಅದನ್ನು ‘ಗೋ ಅವರ ಹುಚ್ಚಾಟ’ ಎಂದರಂತೆ. ನಾವು ಬಂದಾಗ ಬೂನ್ ಲೇ ರೈಲುಮಾರ್ಗದ ಕೊನೆಯ ನಿಲ್ದಾಣ. ಜುರಾಂಗ್ ಪಾಯಿಂಟ್ ಅಂಗಡಿ ಸಂಕೀರ್ಣ ಇನ್ನೂ ತೆರೆದಿರಲಿಲ್ಲ. ಕರಿಬೇವು, ಮೆಂತ್ಯದ ಸೊಪ್ಪು ಬೇಕಾದರೆ ದ್ವೀಪದ ಅರ್ಧವನ್ನು ದಾಟಿ ಟೆಕ್ಕಾ ಮಾರುಕಟ್ಟೆಗೆ ಹೋಗಬೇಕು. ಅದನ್ನು ಸಹಿಸಿಕೊಂಡೆವು. ಸಹಿಸಲಾಗದ್ದು ಪಾತ್ರೆ.

ಮೊದಲ ವಾರ ಸಮಾನತೆಯ ತತ್ವದ ಮೇಲೆ ಕೆಲಸವನ್ನು ಹಂಚಿಕೊಂಡೆವು. ನಾನು ನೆಲವನ್ನು ಒರೆಸಿದರೆ ನೆಲ ಒದ್ದೆಯಾಗುತ್ತಿತ್ತೇ ಹೊರತು ಶುಭ್ರವಾಗುತ್ತಿರಲಿಲ್ಲ. ಆಕೆ ಅನ್ನಕ್ಕಿಟ್ಟರೆ ಅದು ಗಂಜಿಗೂ ಚಿತ್ರಾನ್ನಕ್ಕೂ ನಡುವಿನ ಯಾವುದೋ ಸ್ಥಿತಿಯಲ್ಲಿ ನಿಂತುಬಿಡುತ್ತಿತ್ತು. ಇನ್ನು ಬಟ್ಟೆ ಒಣಹಾಕುವ ವಿದ್ಯೆ. ಇಲ್ಲಿನ ಸರ್ಕಾರಿ ವಸತಿಗಳ ಅಡಿಗೆಮನೆಯ ಕಿಟಕಿಯ ಹೊರಗೆ ಗೋಡೆಗೆ ಆಗ ಕೊಳವೆಗಳನ್ನು ಹೂತಿರುತ್ತಿದ್ದರು. ಬಿದಿರುಗಳುವಿಗೆ ಒದ್ದೆ ಬಟ್ಟೆಯನ್ನು ಪೋಣಿಸಿ, ಕಿಟಕಿಯಿಂದ ಸೊಂಟದವರೆಗೆ ಹೊರಬಾಗಿ, ಗಳುವಿನ ಬುಡವನ್ನು ಆ ಕೊಳವೆಗೆ ಸಿಕ್ಕಿಸಬೇಕಾಗಿತ್ತು. ಆರು ಗಜದ ಒದ್ದೆ ಸೀರೆಯ ತೂಕವೆಷ್ಟೆಂಬುದು ಮೈಸೂರಿನ ಹಿತ್ತಿಲಲ್ಲಿ ತಿಳಿಯುವುದಿಲ್ಲ. ಹನ್ನೊಂದನೆಯ ಮಹಡಿಯಲ್ಲಿ ತಿಳಿಯುತ್ತದೆ. ಮೊದಲ ದಿನ ನಮ್ಮ ಸೀರೆಯ ನೀರು ಹತ್ತನೆಯ ಮಹಡಿಯವರ ಒಣಗಿದ ಬಟ್ಟೆಗಳಿಗೆ ಅಭಿಷೇಕ ಮಾಡಿತು. ಅವರು ಮೇಲೆ ನೋಡಿ ಹೊಕ್ಕಿಯನ್ ಭಾಷೆಯಲ್ಲಿ ಏನೋ ಹೇಳಿದರು. ಅರ್ಥವಾಗದಿದ್ದುದು ನಮ್ಮ ಪುಣ್ಯ.

ಆಗ ಮನೆಗೆಲಸಕ್ಕೆ ಸಿಕ್ಕವರು ಅದೇ ಕಟ್ಟಡದ ಒಬ್ಬ ಚೀನೀ ‘ಆಂಟಿ’. ಅರವತ್ತು ದಾಟಿದವರು, ಕಬ್ಬಿಣದಂತಹ ಕೈ. ವಾರಕ್ಕೆ ಎರಡು ದಿನ ಬರುವುದೆಂದು ಒಪ್ಪಂದವಾಯಿತು. ಮೊದಲ ದಿನವೇ ಅವರ ದೃಷ್ಟಿ ನನ್ನ ಅತ್ತೆಯವರು ಕೊಟ್ಟಿದ್ದ ದೋಸೆಯ ಕಾವಲಿಯ ಮೇಲೆ ಬಿತ್ತು. ಮೂವತ್ತು ವರ್ಷಗಳ ಎಣ್ಣೆಯನ್ನು ಕುಡಿದು ಕಪ್ಪಾಗಿ, ನುಣುಪಾಗಿ, ಸಿದ್ಧಿಯನ್ನು ಪಡೆದಿದ್ದ ಕಾವಲಿ ಅದು. ಎರಡು ಗಂಟೆಗಳ ಕಾಲ ಉಕ್ಕಿನ ನಾರಿನಿಂದ ಉಜ್ಜಿ, ಮುಖ ಕಾಣುವಂತೆ ಹೊಳೆಸಿ, ಅವರು ಅದನ್ನು ನನ್ನ ಪತ್ನಿಯ ಕೈಗೆ ಕೊಟ್ಟರು. ಆಕೆಯ ಕಣ್ಣಲ್ಲಿ ನೀರು ಬಂದುದನ್ನು ಕೃತಜ್ಞತೆಯೆಂದು ಭಾವಿಸಿ ಅದರ ಮುಂದಿನ ವಾರ ಬಾಣಲೆಯನ್ನೂ ಹಾಗೆಯೇ ಮಾಡಿದರು. ಮೂರನೆಯ ವಾರ ಇಂಗಿನ ಡಬ್ಬಿಯನ್ನು ತೆರೆದು ವಾಸನೆ ನೋಡಿದವರು ಮತ್ತೆ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಮಾತ್ರ ಕರುಣೆಯಿಂದ ನಗುತ್ತಿದ್ದರು.

ಹೀಗಾಗಿ ನಾವು ಏಜೆನ್ಸಿಯ ಮೆಟ್ಟಿಲು ಹತ್ತಿದೆವು. ವಿದೇಶದಿಂದ ಮನೆಗೆಲಸದವರನ್ನು ಕರೆಸಿಕೊಳ್ಳುವ ಯೋಜನೆ ಇಲ್ಲಿ ಆರಂಭವಾದುದು 1978ರಲ್ಲಿ. 1984ರಿಂದ ಅದಕ್ಕೆ ಲೆವಿ ಎಂಬ ಮಾಸಿಕ ತೆರಿಗೆ ಸೇರಿತು. ನಮ್ಮ ಕಾಲಕ್ಕೆ ಅದು ಮುನ್ನೂರು ಡಾಲರುಗಳ ಆಸುಪಾಸಿಗೆ ಏರಿತ್ತು. ಜೊತೆಗೆ ಐದು ಸಾವಿರ ಡಾಲರುಗಳ ಜಾಮೀನು ಪತ್ರ. ಮಾಲೀಕಳಿಗೆ ಎಷ್ಟು ಜವಾಬ್ದಾರಿಯೆಂದು ನನ್ನ ಪತ್ನಿ ಅಂದು ಗಂಭೀರಳಾದಳು. ಆಕೆಗೆ ಆಗ ಇಪ್ಪತ್ತನಾಲ್ಕು ವರ್ಷ. ಹಾಲು ಉಕ್ಕುವ ಮೊದಲು ಒಲೆ ಆರಿಸುವುದನ್ನು ಕಲಿತು ಆರು ತಿಂಗಳಾಗಿತ್ತು.

ಅಲ್ಲಿ ಕಡತಗಳನ್ನು ನಮ್ಮ ಮುಂದೆ ಹರಡಿದರು. ಭಾವಚಿತ್ರ, ಎತ್ತರ, ತೂಕ, ಧರ್ಮ, ನಾಯಿಗೆ ಹೆದರುವಳೋ ಇಲ್ಲವೋ. ಹೆಣ್ಣು ನೋಡುವ ಶಾಸ್ತ್ರ ಮುಗಿಸಿ ವರ್ಷವೂ ತುಂಬದ ನಮಗೆ ಇದು ಪರಿಚಿತವಾಗಿಯೇ ಕಂಡಿತು; ಜಾತಕವೊಂದೇ ಕಡಿಮೆ. ಮೊದಲು ಕರೆಸಿದಾಕೆ ಎಂಟು ವರ್ಷ ಅನುಭವವಿದ್ದವರು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಅವರೇ ನಮ್ಮನ್ನು ಪರೀಕ್ಷಿಸಿದರು. ಕೋಣೆಗಳೆಷ್ಟು? ಕಾರು ಇದೆಯೇ, ಇದ್ದರೆ ತೊಳೆಯುವವರು ಯಾರು? ಅತ್ತೆ ಊರಿನಿಂದ ಬರುತ್ತಾರೆಯೇ, ಬಂದರೆ ಎಷ್ಟು ತಿಂಗಳು? ಅತ್ತೆಯರಿಬ್ಬರೂ ಬರುತ್ತಾರೆಂದು ನನ್ನ ಪತ್ನಿ ಹೆಮ್ಮೆಯಿಂದ ಹೇಳಿದಳು. ಅವರು ಕೈಚೀಲವನ್ನು ಎತ್ತಿಕೊಂಡು ಏಜೆನ್ಸಿಯವರಿಗೆ ‘ಇವರು ಬೇಡ’ ಎಂದರು. ನಿರಾಕೃತರಾಗಿ ಬೂನ್ ಲೇಗೆ ಮರಳುವ ರೈಲಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಕೊನೆಗೆ ಬಂದದ್ದು ಮಧ್ಯ ಜಾವಾದ ಹಳ್ಳಿಯ ಒಬ್ಬ ಹುಡುಗಿ. ಕಡತದಲ್ಲಿ ವಯಸ್ಸು ಇಪ್ಪತ್ತೆರಡು. ಎದುರಿಗೆ ನಿಂತವಳನ್ನು ನೋಡಿದರೆ ಹದಿನೇಳು. ಮೊದಲ ಕೆಲವು ತಿಂಗಳ ಸಂಬಳ ಆಕೆಯ ಕೈಗೆ ಬರುವುದಿಲ್ಲ, ಏಜೆಂಟರ ಸಾಲಕ್ಕೆ ಜಮೆ ಎಂದು ತಿಳಿಸಿದರು. ಅದು ನಿಯಮವೆಂದೇ ತಿಳಿದು ರುಜು ಹಾಕಿದೆವು. ನಾವು ಸರ್ಕಾರಕ್ಕೆ ಕಟ್ಟುತ್ತಿದ್ದ ಲೆವಿಗಿಂತ ಆಕೆಯ ಸಂಬಳ ಕಡಿಮೆಯಿತ್ತು ಎಂಬುದು ಲೆಕ್ಕದ ಪುಸ್ತಕದಲ್ಲಿ ಪ್ರತಿ ತಿಂಗಳೂ ಕಾಣುತ್ತಿತ್ತು. ಕಂಡರೂ ನಾನು ಗಮನಿಸಿದ್ದು ಲೆವಿಯನ್ನು.

ಆಕೆಗೆ ಇಂಗ್ಲಿಷ್ ಬಾರದು. ನಮಗೆ ಆಕೆಯ ಭಾಷೆ ಬಾರದು. ಆದರೆ ಸಂಸ್ಕೃತವು ನಮಗಿಂತ ಬಹಳ ಮುಂಚೆಯೇ ಜಾವಾಕ್ಕೆ ಹೋಗಿತ್ತು. ಆಕೆಗೆ ಭಾಷೆ ‘ಬಹಾಸಾ’, ಹೆಸರು ‘ನಾಮಾ’, ಗಂಡ ‘ಸುವಾಮಿ’. ‘ಸುವಾಮಿ ಬಂದರು’ ಎಂದು ಆಕೆ ಹೇಳಿದಾಗ ನನ್ನ ಪತ್ನಿ ಬಾಗಿಲಿಗೆ ಓಡಿ ಸನ್ಯಾಸಿಗಳನ್ನು ಹುಡುಕಿದಳು, ನಿಂತಿದ್ದವನು ನಾನು. ಒಂದು ಬೆಳಿಗ್ಗೆ ನನ್ನ ಪತ್ನಿ ತಟ್ಟೆಯನ್ನು ಮುಂದೊಡ್ಡಿ ಹೊರನಾಡಿನವರ ಉಚ್ಚಾರಣೆಯಲ್ಲಿ ‘ದೋಸಾ, ದೋಸಾ’ ಎಂದು ಒತ್ತಾಯಿಸಿದಳು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಆಕೆಯ ಭಾಷೆಯಲ್ಲಿ ‘ದೋಸಾ’ ಎಂದರೆ ಪಾಪ. ನಮ್ಮ ‘ದೋಷ’ವೇ ಅದು. ಯಜಮಾನಿಯೊಬ್ಬಳು ಬೆಳಗಾಗೆದ್ದು ಚಟ್ನಿಯ ಸಮೇತ ಪಾಪವನ್ನು ಬಡಿಸುವುದನ್ನು ಆಕೆ ಹೇಗೆ ಅರ್ಥಮಾಡಿಕೊಂಡಳೋ! ‘ಪುವಾಸಾ’ ಮಾತ್ರ ಇಬ್ಬರಿಗೂ ಕೂಡಲೇ ತಿಳಿಯಿತು. 1995ರ ರಂಜಾನಿನಲ್ಲಿ ಆಕೆ ನಸುಕಿಗೇ ಎದ್ದು ಸದ್ದಿಲ್ಲದೆ ಅನ್ನ ಉಣ್ಣುತ್ತಿದ್ದಳು. ಏಕಾದಶಿಯ ಉಪವಾಸವನ್ನು ಅರ್ಧಕ್ಕೆ ಮುರಿಯುತ್ತಿದ್ದ ನನ್ನ ಪತ್ನಿಗೆ ಆಕೆಯ ಮೇಲೆ ಗೌರವ ಹುಟ್ಟಿತು.

ಒಂದು ತಿಂಗಳಲ್ಲಿ ಹುಳಿಯ ಪುಡಿ ಹುರಿಯುವುದನ್ನೂ ಕಾವಲಿಯನ್ನು ಉಜ್ಜದಿರುವುದನ್ನೂ ಕಲಿತಳು. ‘ನಿಮಗೆ ಒಳ್ಳೆಯ ಕೆಲಸದವಳು ಸಿಕ್ಕಿದ್ದಾಳೆ’ ಎಂದು ಕನ್ನಡ ಗೆಳೆಯರೆಲ್ಲರೂ ಅಸೂಯೆ ಪಟ್ಟರು. ನಾವು ಆಕೆಯನ್ನು ಕೂಟಗಳಿಗೆ ಕರೆದೊಯ್ಯುತ್ತಿದ್ದೆವು. ಅದು ನಮ್ಮ ಔದಾರ್ಯ. ಅಲ್ಲಿಯೂ ಲೋಟಗಳನ್ನು ತೊಳೆದವಳು ಆಕೆಯೇ. ವಾರದ ರಜೆಯ ಪ್ರಸ್ತಾಪ ಒಪ್ಪಂದದಲ್ಲಿ ಇರಲಿಲ್ಲ, ನಮ್ಮ ತಲೆಯಲ್ಲಿಯೂ ಇರಲಿಲ್ಲ. ಈ ದೇಶದ ಕಾನೂನು ವಾರಕ್ಕೊಂದು ದಿನದ ಬಿಡುವನ್ನು ಹೇಳಿದ್ದು 2013ರ ಜನವರಿಯಿಂದ. ಅದನ್ನೂ ಹಣ ಕೊಟ್ಟು ಕೊಂಡುಕೊಳ್ಳಬಹುದಾಗಿತ್ತು. ತಿಂಗಳಿಗೆ ಒಂದು ದಿನವನ್ನಾದರೂ ಹಾಗೆ ಕೊಳ್ಳುವಂತಿಲ್ಲ ಎಂದಾದದ್ದು 2023ರಲ್ಲಿ.

ಆರು ತಿಂಗಳಿಗೊಮ್ಮೆ ವೈದ್ಯ ಪರೀಕ್ಷೆಯಾಗಬೇಕೆಂಬುದು ನಿಯಮ. ಗರ್ಭಿಣಿಯೆಂದು ತಿಳಿದರೆ ಆಕೆ ಊರಿಗೆ ಮರಳಬೇಕು. 1995ರ ಮೇ ತಿಂಗಳಿನಲ್ಲಿ ನನ್ನ ಪತ್ನಿಯೂ ಆಕೆಯೂ ಒಂದೇ ಬೆಳಿಗ್ಗೆ, ಒಂದೇ ವೈದ್ಯರ ಬಳಿ, ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಇಬ್ಬರಿಗೂ ಶುಭಸುದ್ದಿಯೇ ಬಂತು: ಒಬ್ಬಳಿಗೆ ಹೌದೆಂದು, ಇನ್ನೊಬ್ಬಳಿಗೆ ಇಲ್ಲವೆಂದು. ಸಂಜೆ ಕೇಸರಿಭಾತು ಮಾಡಿ ನಮಗೆ ಬಡಿಸಿದವಳು ಎರಡನೆಯವಳು.

ನಾನು ಹೇಳಬೇಕೆಂದು ಬಂದಿರುವ ಸಂಗತಿ ಇನ್ನು ಮುಂದೆ ಇದೆ. 1996ರ ಆರಂಭದಲ್ಲಿ ಮಗುವಿನ ನಾಮಕರಣವಾಯಿತು. ಮರುದಿನ ನನ್ನ ಪತ್ನಿ ಉಟ್ಟಿದ್ದ ಧಾರೆಯ ಸೀರೆಯನ್ನು ಗಾಳಿಗೆ ಹಾಕಲು ಹೇಳಿದಳು. ಗಾಳಿ ಜೋರಾಗಿತ್ತು, ಮಳೆಯ ಮುಂಚಿನ ಗಾಳಿ. ಗಳುವನ್ನು ಹಿಡಿದು ಕಿಟಕಿಯ ಬಳಿ ನಿಂತ ಹುಡುಗಿ ಹಿಂದಿರುಗಿ ನೋಡಿ ‘ಬಹಾಯಾ’ ಎಂದಳು. ನಮಗೆ ನಗು ಬಂತು. ಮತ್ತೊಂದು ನಮ್ಮ ಪದ! ‘ಭಯವೇನೂ ಇಲ್ಲ, ಹಾಕು’ ಎಂದು ನನ್ನ ಪತ್ನಿ ಕೈಸನ್ನೆ ಮಾಡಿದಳು. ‘ಇಷ್ಟು ದಿನವಾದರೂ ಭಯ ಹೋಗಿಲ್ಲ ನೋಡು’ ಎಂದು ನಾನೂ ದನಿಗೂಡಿಸಿದೆ. ಆಕೆ ಹೊರಬಾಗಿದಳು. ಗಾಳಿಗೆ ಸೀರೆ ಪಟದಂತೆ ಉಬ್ಬಿತು, ಗಳು ತಿರುಗಿತು, ಸೆರಗು ಜಾರಿತು. ಆಕೆ ಸೀರೆಯನ್ನು ಬಿಡಲಿಲ್ಲ. ಒಂದು ಕ್ಷಣ ಆಕೆಯ ಎರಡು ಪಾದಗಳೂ ಅಡಿಗೆಮನೆಯ ನೆಲದಿಂದ ಮೇಲೆ ಇದ್ದುದನ್ನು ನಾನು ನೋಡಿದೆ. ಬಾಣಂತನಕ್ಕೆ ಬಂದಿದ್ದ ನನ್ನ ಅತ್ತೆಯವರು ಆಕೆಯ ನಡುವನ್ನು ಹಿಡಿದು ಎಳೆದರು. ಗಳು ಕೆಳಗೆ ಬಿತ್ತು, ಸೀರೆ ಉಳಿಯಿತು. ‘ಎಂಥ ನಿಷ್ಠೆ! ಸೀರೆಯನ್ನು ಬಿಡಲೇ ಇಲ್ಲ’ ಎಂದು ನಾವು ವರ್ಷಗಟ್ಟಲೆ ಈ ಪ್ರಸಂಗವನ್ನು ಕೂಟಗಳಲ್ಲಿ ಹೇಳಿ ನಗಿಸಿದ್ದೇವೆ. ಈ ಸಭೆಯಲ್ಲಿ ಆಗ ನಕ್ಕವರು ಒಬ್ಬಿಬ್ಬರು ಇರಲೂಬಹುದು.

ಕೆಳಗಿನ ವಿದ್ಯುತ್ ಕೊಠಡಿಯ ಬಾಗಿಲ ಮೇಲೆ ನಾಲ್ಕು ಭಾಷೆಗಳ ಒಂದು ಫಲಕವಿತ್ತು. ನಿತ್ಯವೂ ಅದರ ಮುಂದೆಯೇ ಹಾದುಹೋಗುತ್ತಿದ್ದೆ. ಒಂದು ದಿನ ಲಿಫ್ಟು ತಡವಾಗಿ ಓದಿದೆ: ಇಂಗ್ಲಿಷಿನಲ್ಲಿ ಡೇಂಜರ್, ಮಲಯದಲ್ಲಿ ಬಹಾಯಾ, ತಮಿಳಿನಲ್ಲಿ ಅಪಾಯಂ. ಆಕೆ ತನಗೆ ಭಯವೆಂದು ಹೇಳಿರಲಿಲ್ಲ. ಅಪಾಯವಿದೆ ಎಂದು ಹೇಳಿದ್ದಳು. ಅಷ್ಟರಲ್ಲಿ ಆಕೆ ಎರಡು ವರ್ಷದ ಅವಧಿ ಮುಗಿಸಿ ಊರಿಗೆ ಹೋಗಿಯಾಗಿತ್ತು.

2005ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪ್ರಕಟಿಸಿದ ವರದಿಯಲ್ಲಿ, 1999ರಿಂದ ಆವರೆಗೆ ಸಿಂಗಪುರದಲ್ಲಿ ಕನಿಷ್ಠ 147 ಮಂದಿ ಮನೆಗೆಲಸದ ವಲಸಿಗ ಹೆಂಗಸರು ಅಪಘಾತದಿಂದಲೋ ಆತ್ಮಹತ್ಯೆಯಿಂದಲೋ ತೀರಿಕೊಂಡಿದ್ದರು, ಬಹುಪಾಲು ಎತ್ತರದ ಮನೆಗಳಿಂದ ಬಿದ್ದು ಅಥವಾ ಹಾರಿ, ಎಂದಿತ್ತು. ಅಡಿಗೆಮನೆಯ ಕಿಟಕಿ, ಬಿದಿರುಗಳು, ಗಾಜು ಒರೆಸುವ ಬಟ್ಟೆ. 2012ರಿಂದ, ಮಹಡಿಮನೆಯ ಕಿಟಕಿಯ ಹೊರಮೈಯನ್ನು ಆಕೆಯಿಂದ ಒರೆಸಬೇಕಾದರೆ ಸರಳುಗಳಿಗೆ ಬೀಗವಿರಬೇಕು, ಮನೆಯವರು ಪಕ್ಕದಲ್ಲಿ ನಿಂತಿರಬೇಕು ಎಂಬ ನಿಯಮ ಬಂತು. ಈ ಸುದ್ದಿಯನ್ನು ನಾನು ಮೈಸೂರಿನಲ್ಲಿ ಓದಿ ಪತ್ನಿಗೆ ಹೇಳಿದೆ. ಆಕೆ ಕೇಳಿದ್ದು ಒಂದೇ: ‘ಅವತ್ತು ಅಮ್ಮ ಇರದಿದ್ದರೆ?’

ಮೈಸೂರಿನಲ್ಲಿ ಈಗ ನಮ್ಮ ಮನೆಗೆ ಬರುವಾಕೆಗೆ ಸ್ಮಾರ್ಟ್‌ಫೋನ್ ಇದೆ, ಭಾನುವಾರ ರಜೆ ಇದೆ, ನಾಲ್ಕು ಮನೆಗಳಿವೆ. ನಮ್ಮದು ಆ ನಾಲ್ಕರಲ್ಲಿ ಮೂರನೆಯದು. ಮನೆಗೆಲಸಕ್ಕೂ ಕನಿಷ್ಠ ವೇತನವಿರಬೇಕೆಂದು ಕರ್ನಾಟಕ ಸರ್ಕಾರ 2004ರಲ್ಲೇ ಅಧಿಸೂಚನೆ ಹೊರಡಿಸಿತ್ತು ಎಂಬುದನ್ನು ನನಗೆ ತಿಳಿಸಿದವಳೂ ಆಕೆಯೇ, ಸಂಬಳ ಹೆಚ್ಚಿಸಬೇಕೆಂದು ಕೇಳುವಾಗ. ನಮ್ಮ ತಾಯಿಯವರಿಗೆ ಇದು ಸರಿಬರಲಿಲ್ಲ. ‘ಹಿಂದಿನವಳು ಬಾಯಿ ಬಿಟ್ಟವಳಲ್ಲ’ ಎಂದರು. ಆ ಹಿಂದಿನವಳ ಹೆಸರೇನೆಂದು ಕೇಳಿದೆ. ಬಹಳ ಹೊತ್ತು ಯೋಚಿಸಿದರು. ಇಪ್ಪತ್ತಾರು ವರ್ಷ ನಮ್ಮ ಹಿತ್ತಿಲ ಬಾಗಿಲನ್ನು ತೆರೆದವಳು ಆಕೆ. ‘ಇರು, ನೆನಪಾಗುತ್ತದೆ’ ಎಂದರು. ಮಧ್ಯಾಹ್ನ ಊಟದ ನಡುವೆ, ಅನ್ನ ಕಲಸುತ್ತಿದ್ದವರು ತಲೆಯೆತ್ತಿ, ‘ಅವಳ ಮಗಳ ಹೆಸರು ಗೊತ್ತು’ ಎಂದರು.

ಧಾರೆಯ ಸೀರೆ ಈಗಲೂ ನಮ್ಮ ಬೀರುವಿನಲ್ಲಿದೆ. ವರ್ಷಕ್ಕೊಮ್ಮೆ ನನ್ನ ಪತ್ನಿ ಅದನ್ನು ತೆಗೆದು, ಕಿಟಕಿಯನ್ನು ಹಾಕಿಕೊಂಡು, ಮಂಚದ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಆರಿಸುತ್ತಾಳೆ.

ಹಿಂದೆ ಅಡಿಗೆಕೋಣೆಯಲ್ಲಿ ಲೋಟಗಳ ಸದ್ದು ಕೇಳುತ್ತಿದೆ; ಕಾಫಿ ಸಿದ್ಧವಾಗಿರಬೇಕು.