ಹಿತ್ತಲಿನ ರಸಬಾಳೆಯನ್ನು ಸವರಿ ಸಲಹುವ ಕ್ರಮ
(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಿಡುವಳಿದಾರರನ್ನೂ ಗ್ರಾಮಮುಖಂಡರನ್ನೂ ಕುರಿತು ಮಾಡಿದ ಉಪನ್ಯಾಸ)



ಬಾಳೆಯನ್ನು ನೆಡುವುದು ಹೇಗೆಂಬುದನ್ನು ಕಪಿಲಾ ತೀರದ ರೈತರಿಗೆ ಹೇಳಿಕೊಡಬೇಕಾದ ಆವಶ್ಯಕತೆಯಿಲ್ಲ. ತಮ್ಮ ಹಿರಿಯರು ಬೆಳೆದ ರಸಬಾಳೆಯಿಂದಲೇ ನಂಜನಗೂಡಿನ ಹೆಸರು ಹಣ್ಣಿನ ಪೇಟೆಗಳಲ್ಲೆಲ್ಲಾ ಹಬ್ಬಿತು. ತೆಳುವಾದ ಸಿಪ್ಪೆ, ಘಮಘಮಿಸುವ ವಾಸನೆ, ಬಾಯಲ್ಲಿಟ್ಟರೆ ಕರಗುವ ತಿರುಳು ಇವು ಅದರ ಗುಣಗಳು. ತಮಿಳುನಾಡಿನ ರಸ್ತಾಳಿಯೂ ಬಿಹಾರದ ಮಾಲ್‌ಭೋಗವೂ ಇದೇ ಕುಲಕ್ಕೆ ಸೇರಿದವು. ಆದರೂ ದೇವರಸನಹಳ್ಳಿಯ ಸುತ್ತಲಿನ ಕಪ್ಪು ಮಣ್ಣಿನಲ್ಲಿ ಬರುವ ರುಚಿಯೇ ಬೇರೆಯೆಂಬುದು ಈ ಸೀಮೆಯವರ ಅನುಭವ. 2005-06ರಲ್ಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. ಹೀಗೆ ಹೆಸರಿಗೆ ರಕ್ಷಣೆಯುಂಟಾಯಿತು. ಗಿಡದ ರಕ್ಷಣೆಯಾದರೋ ಇನ್ನೂ ನಮ್ಮ ಕೈಯಲ್ಲಿಯೇ ಇದೆ. ಸೊರಗು ರೋಗದ ದೆಸೆಯಿಂದ ರಸಬಾಳೆಯ ತೋಟಗಳು ಹಾಳಾಗಿ, ರೈತರು ಬೇರೆ ಬಾಳೆಗೂ ಬೇರೆ ಪೈರಿಗೂ ತಿರುಗಿದುದನ್ನು ತಾವೆಲ್ಲರೂ ಬಲ್ಲಿರಿ.

ಈ ಜಾತಿಯನ್ನು ಉಳಿಸಿಕೊಳ್ಳುವುದಕ್ಕೆ ಮನೆಯ ಹಿತ್ತಲು ಬಹಳ ತಕ್ಕ ಸ್ಥಳವಾಗಿರುತ್ತದೆ. ದೊಡ್ಡ ತೋಟದಲ್ಲಿ ರೋಗದ ಮೊದಲನೆಯ ಗಿಡವು ಕಣ್ಣಿಗೆ ಬೀಳುವಷ್ಟರಲ್ಲಿ ಕಾಲುವೆಯ ನೀರು ಸೋಂಕನ್ನು ಹತ್ತಾರು ಗಿಡಗಳಿಗೆ ಒಯ್ದಿರಬಹುದು. ಹಿತ್ತಲಿನ ನಾಲ್ಕೆಂಟು ಬುಡಗಳನ್ನಾದರೆ ಮನೆಯವರು ದಿನವೂ ನೋಡುತ್ತಾರೆ. ನೋಡತಕ್ಕದ್ದೇನು, ಕತ್ತರಿಸತಕ್ಕದ್ದೇನು ಎಂಬುದನ್ನು ಅರಿತರೆ ಸಾಕು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಇದಕ್ಕೆ ಕಾರಣವು ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮವಾದ ಶಿಲೀಂಧ್ರ. ಅದು ಬೇರಿನ ಮೂಲಕ ಗಡ್ಡೆಯನ್ನು ಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ಆಗ ಕೆಳಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟಿನಲ್ಲಿ ಮುರಿದು, ದಿಂಡಿನ ಸುತ್ತಲೂ ಜೋಲುಬೀಳುತ್ತವೆ. ಕೆಲವು ಗಿಡಗಳಲ್ಲಿ ದಿಂಡಿನ ಬುಡವು ಸೀಳುತ್ತದೆ. ಗಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಬಿಳಿಯ ತಿರುಳಿನಲ್ಲಿ ಕೆಂಗಂದು ಚುಕ್ಕೆಗಳೂ ಗೆರೆಗಳೂ ಕಾಣುತ್ತವೆ.

1913ರಿಂದ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡೈರೆಕ್ಟರರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮಲೆನಾಡಿನಲ್ಲಿ ರೂಢಿಗೆ ತಂದರು. ಬಾಳೆಯ ಸೊರಗಿಗೂ ಅಂಥದೊಂದು ಔಷಧವಿಲ್ಲವೇ ಎಂದು ತಾವು ಕೇಳಬಹುದು. ಕೊಳೆರೋಗವು ಗೊನೆಯ ಮೇಲೆ ಕೂರುವುದರಿಂದ ಸಿಂಪಡಿಕೆಗೆ ಸಿಕ್ಕುತ್ತದೆ. ಇದು ಗಡ್ಡೆಯ ಒಳಗೆ ಸೇರುವುದರಿಂದ ಸಿಕ್ಕುವುದಿಲ್ಲ. ಒಮ್ಮೆ ಹೊಕ್ಕ ಮೇಲೆ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಮಣ್ಣಿನಲ್ಲಿಯಾದರೋ ಅದು ದಶಕಗಳ ಕಾಲ ಬದುಕಿರಬಲ್ಲುದು. ಈ ರೋಗಕ್ಕೆ ಪನಾಮ ರೋಗವೆಂಬ ಹೆಸರೂ ಉಂಟು. ಮಧ್ಯ ಅಮೇರಿಕಾದ ವಿಸ್ತಾರವಾದ ತೋಟಗಳಲ್ಲಿ ಬೆಳೆಯುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆಯನ್ನು ಇದು ಕಳೆದ ಶತಮಾನದಲ್ಲಿ ಹಾಳುಮಾಡಿತು. 1960ರ ದಶಕದ ಹೊತ್ತಿಗೆ ಅಲ್ಲಿನ ಧನವಂತ ಕಂಪೆನಿಗಳು ಆ ಜಾತಿಯನ್ನೇ ಕೈಬಿಟ್ಟು, ನಮ್ಮ ಪಚ್ಚಬಾಳೆಯ ಕುಲದ ಕ್ಯಾವೆಂಡಿಷ್ ಬಾಳೆಯನ್ನು ಹಿಡಿದವು. ಆದಕಾರಣ ನಮಗಿರುವ ದಾರಿಯು ಸೋಂಕನ್ನು ಹಿತ್ತಲಿಗೆ ಬಾರದಂತೆ ತಡೆಯುವುದೊಂದೇ.

ಸೋಂಕು ಸಾಮಾನ್ಯವಾಗಿ ಕಂದಿನ ಸಂಗಡ ಬರುತ್ತದೆ. ಕಂದನ್ನು ಆರಿಸುವಾಗ ಎಲೆ ಕಿರಿದಾಗಿ ಕತ್ತಿಯಂತಿರುವ, ಬುಡ ದಪ್ಪಗಿರುವ, ಎರಡು ಮೂರು ಅಡಿ ಎತ್ತರದ ಕತ್ತಿಕಂದನ್ನೇ ತೆಗೆದುಕೊಳ್ಳತಕ್ಕದ್ದು. ಅಗಲವಾದ ಎಲೆಯ ನೀರುಕಂದು ಬೇಡ. ತಾಯಿಗಿಡವು ಆರೋಗ್ಯವಾಗಿರುವುದನ್ನು ಕಣ್ಣಾರೆ ನೋಡಬೇಕು. ಬೇರುಗಳನ್ನು ಸವರಿ, ಮಣ್ಣನ್ನು ಅಲ್ಲಿಯೇ ತೊಳೆದು, ಗಡ್ಡೆಯ ಮೇಲುಪದರವನ್ನು ತೆಳುವಾಗಿ ಹೆರೆದು ನೋಡಬೇಕು; ಒಂದೇ ಒಂದು ಕಂದುಚುಕ್ಕೆ ಕಂಡರೂ ಅದನ್ನು ಬಿಡತಕ್ಕದ್ದು. ಈಗ ದೊರೆಯುವ ಅಂಗಾಂಶ ಕೃಷಿಯ ಸಸಿಗಳು ಶುದ್ಧವಾಗಿರುತ್ತವಾದರೂ ರೋಗವನ್ನು ತಡೆಯುವ ಶಕ್ತಿ ಅವಕ್ಕಿಲ್ಲ. ಕೆಟ್ಟ ಮಣ್ಣಿನಲ್ಲಿ ನೆಟ್ಟರೆ ಅವೂ ಸೊರಗುತ್ತವೆ.

ಒಂದೂವರೆ ಅಡಿ ಚದರದ, ಅಷ್ಟೇ ಆಳದ ಗುಂಡಿಯಲ್ಲಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಆರೇಳು ಅಡಿ ಅಂತರದಲ್ಲಿ ನೆಡಬಹುದು. ಬಚ್ಚಲಿನ ನೀರನ್ನು ಬಾಳೆಗೆ ಹರಿಸುವ ವಾಡಿಕೆಯುಂಟು. ಹರಿದುಹೋದರೆ ಬಾಧಕವಿಲ್ಲ, ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಒಲೆಯ ಬೂದಿಯನ್ನು ಆಗಾಗ್ಗೆ ಬುಡಕ್ಕೆ ಹಾಕುವುದರಿಂದ ಕಾಯಿ ತುಂಬಲು ಬೇಕಾದ ಪೊಟ್ಯಾಷ್ ದೊರೆಯುತ್ತದೆ. ಕಳೆಯನ್ನು ಮೇಲುಮೇಲೆ ಕೆರೆಯಬೇಕೇ ಹೊರತು ಗುದ್ದಲಿಯಿಂದ ಆಳವಾಗಿ ಅಗೆಯಕೂಡದು. ಗಾಯವಾದ ಬೇರು ರೋಗಕ್ಕೆ ತೆರೆದ ಬಾಗಿಲು.

ಇನ್ನು ಸವರುವ ವಿಷಯ. ಮಾವು, ಸೀಬೆಗಳಂತೆ ಬಾಳೆಗೆ ಕೊಂಬೆಗಳಿಲ್ಲ. ನಾವು ಕಾಂಡವೆನ್ನುವುದು ಎಲೆಯ ಪಟ್ಟೆಗಳ ಸುರುಳಿ. ನಿಜವಾದ ಕಾಂಡವು ನೆಲದೊಳಗಿನ ಗಡ್ಡೆ. ಒಂದು ದಿಂಡು ಒಂದೇ ಗೊನೆಯನ್ನು ಕೊಟ್ಟು ಮುಗಿಯುತ್ತದೆ. ಆದ್ದರಿಂದ ಬಾಳೆಯನ್ನು ಸವರುವುದೆಂದರೆ ಕಂದು, ಎಲೆ, ಹೂಮೊಗ್ಗು, ಕೊಯ್ದ ದಿಂಡು ಈ ನಾಲ್ಕನ್ನು ಕಾಲವರಿತು ತೆಗೆಯುವುದೆಂದರ್ಥ.

ಒಂದನೆಯದು ಕಂದು. ತಾಯಿಗಿಡವು ಗೊನೆ ಹಾಕುವವರೆಗೆ ಏಳುವ ಕಂದುಗಳನ್ನೆಲ್ಲಾ ಆರು ವಾರಕ್ಕೊಮ್ಮೆ ನೆಲಮಟ್ಟಕ್ಕೆ ಕೊಯ್ದು, ನಡುವಿನ ಸುಳಿಯನ್ನು ಹಾರೆಯ ಮೊನೆಯಿಂದ ಕೆದಕಿ ತೆಗೆಯಬೇಕು. ಎಳೆದು ಕೀಳಬಾರದು; ತಾಯಿಯ ಗಡ್ಡೆಗೆ ಗಾಯವಾಗುತ್ತದೆ. ಗೊನೆ ಹೊರಬಿದ್ದ ಮೇಲೆ ಬಲವಾದ ಒಂದೇ ಕತ್ತಿಕಂದನ್ನು ಮುಂದಿನ ಬೆಳೆಗೆ ಉಳಿಸತಕ್ಕದ್ದು. ಬುಡದ ತುಂಬ ಕಂದುಗಳಿದ್ದರೆ ನೋಡಲು ಸಮೃದ್ಧಿಯಾಗಿ ತೋರಬಹುದು. ಗೊನೆ ಮಾತ್ರ ಬಡವಾಗುತ್ತದೆ.

ಎರಡನೆಯದು ಎಲೆ. ಒಣಗಿ ಜೋತ ಎಲೆಗಳನ್ನು ಕೊಯ್ದು, ಗಿಡವು ಆರೋಗ್ಯವಾಗಿದ್ದರೆ ಬುಡಕ್ಕೇ ಹೊದಿಸಬಹುದು. ಹಸಿರೆಲೆಯ ವಿಷಯದಲ್ಲಿ ಹೆಚ್ಚಿನ ಜಾಗರೂಕತೆ ಬೇಕು. ಕಾಯಿ ತುಂಬಬೇಕಾದರೆ ಹೂಬಿಡುವಾಗ ಗಿಡದಲ್ಲಿ ಕನಿಷ್ಠ ಎಂಟು ಹಸಿರೆಲೆಗಳಾದರೂ ಇರಬೇಕು. ಹಬ್ಬದ ದಿನ ಊಟದ ಎಲೆಗೆಂದು ಫಲದ ಗಿಡವನ್ನೇ ಬೋಳಿಸುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಎಲೆಗೆಂದೇ ಒಂದು ಬುಡವನ್ನು ಬೇರೆಯಾಗಿಟ್ಟರೆ ಈ ನಷ್ಟ ತಪ್ಪುತ್ತದೆ.

ಮೂರನೆಯದು ಹೂಮೊಗ್ಗು. ಕಡೆಯ ಚಿಪ್ಪು ಬಿಡಿಸಿಕೊಂಡು, ಮುಂದೆ ಕಾಯಿ ಕಚ್ಚುವುದಿಲ್ಲವೆಂದು ಕಂಡಕೂಡಲೇ ತುದಿಯ ಮೊಗ್ಗನ್ನು ಕೊಯ್ಯಬೇಕು. ಗಿಡದ ಸಾರವು ಕಾಯಿಗೆ ಹೋಗುತ್ತದೆ, ಮೊಗ್ಗು ಪಲ್ಯಕ್ಕಾಗುತ್ತದೆ. ಗೊನೆಯ ಭಾರಕ್ಕೆ ಎರಡು ಬಿದಿರುಗಳನ್ನು ಕತ್ತರಿಯಂತೆ ಕಟ್ಟಿ ಊರುಗೋಲು ಕೊಡುವುದು. ರಸಬಾಳೆಯ ಹಣ್ಣು ಮಾಗಿದ ಮೇಲೆ ಚಿಪ್ಪಿನಿಂದ ಉದುರುವ ಸ್ವಭಾವದ್ದಾದ್ದರಿಂದ, ಕಾಯಿಯ ಮೂಲೆಗಳು ದುಂಡಗಾಗುತ್ತಿದ್ದಂತೆಯೇ ಗೊನೆಯನ್ನು ಇಳಿಸತಕ್ಕದ್ದು.

ನಾಲ್ಕನೆಯದು ಕೊಯ್ದ ದಿಂಡು. ಇದನ್ನು ಒಮ್ಮೆಗೇ ಬುಡಕ್ಕೆ ಕಡಿಯದೆ ಎರಡು ಮೂರು ಅಡಿ ಬಿಟ್ಟರೆ ಅದರ ಸಾರವು ಕೆಲವು ವಾರ ಮರಿಗಿಡಕ್ಕೆ ಇಳಿಯುತ್ತದೆ. ಅನಂತರ ಅದನ್ನು ತೆಗೆದು ಸೀಳಿ ಒಣಗಿಸಬೇಕು. ಇಲ್ಲದಿದ್ದರೆ ಮೂತಿಹುಳುಗಳಿಗೆ ಅದೇ ಮನೆಯಾಗುತ್ತದೆ.

ಈ ಕೆಲಸಗಳಿಗೆಲ್ಲಾ ಮಚ್ಚು ಒಂದೇ. ಒಂದು ಬುಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಮಚ್ಚು, ಹಾರೆಗಳ ಮಣ್ಣನ್ನು ತೊಳೆದು, ಬೆಂಕಿಯಲ್ಲಿ ಕಾಯಿಸಿ ಅಥವಾ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಒರೆಸತಕ್ಕದ್ದು. ನೆರೆಯ ಹಿತ್ತಲಿನಿಂದ ತಂದ ಸಾಮಾನಿಗೂ ಇದೇ ನಿಯಮ.

ಇಷ್ಟಾದರೂ ಒಂದು ಗಿಡ ಸೊರಗಿದರೆ ಅದನ್ನು ಕಿತ್ತು ಹಿತ್ತಲಿನಲ್ಲಿ ಎಳೆದಾಡಬಾರದು. ನಿಂತಲ್ಲಿಯೇ ತುಂಡುಮಾಡಿ, ಒಣಗಿಸಿ ಸುಡುವುದು. ಆ ಬುಡದ ನೀರು ಮುಂದಕ್ಕೆ ಹರಿಯದಂತೆ ಬದು ಹಾಕುವುದು. ಅಲ್ಲಿ ಮತ್ತೆ ರಸಬಾಳೆಯನ್ನು ನೆಡದಿರುವುದು. ಏಲಕ್ಕಿಬಾಳೆಗೂ ಈ ಸೊರಗು ತಗಲುತ್ತದೆ. ಪಚ್ಚಬಾಳೆ ಇದನ್ನು ತಡೆದುಕೊಳ್ಳುತ್ತದಾದರೂ, ಅದನ್ನೂ ಕೊಲ್ಲುವ ಇನ್ನೊಂದು ಬಗೆಯ ಸೊರಗು ಈಚೆಗೆ ಬಿಹಾರದಲ್ಲಿ ಕಾಣಿಸಿಕೊಂಡಿರುವುದನ್ನು ನೆನಪಿನಲ್ಲಿಡಬೇಕು.

ಕೊನೆಯದಾಗಿ ಗ್ರಾಮಮುಖಂಡರಲ್ಲಿ ಒಂದು ಅರಿಕೆ. ಕೇಳಿದವರಿಗೆ ಬಾಳೆಯ ಕಂದನ್ನು ಇಲ್ಲವೆನ್ನದೆ ಕೊಡುವುದು ನಮ್ಮ ಹಳ್ಳಿಗಳ ಒಳ್ಳೆಯ ವಾಡಿಕೆ. ಅದು ಮುಂದುವರಿಯಲಿ, ಆದರೆ ಗಡ್ಡೆಯನ್ನು ಹೆರೆದು ತೋರಿಸಿ ಕೊಡುವುದೂ, ನೋಡಿ ತೆಗೆದುಕೊಳ್ಳುವುದೂ ಊರಿನ ಕಟ್ಟಾಗಲಿ. ಸೊರಗು ತಗಲಿದ ಹಿತ್ತಲಿನವರು ಅದನ್ನು ಮರೆಮಾಡದೆ ತಿಳಿಸುವಂತೆಯೂ, ತಿಳಿಸಿದವರನ್ನು ಯಾರೂ ಹಳಿಯದಂತೆಯೂ ತಾವು ನೋಡಿಕೊಳ್ಳಬೇಕು. ಒಬ್ಬನ ಹಿತ್ತಲಿನ ಎಚ್ಚರಿಕೆಯು ನೆರೆಯವನ ಅಜಾಗ್ರತೆಯಿಂದ ವ್ಯರ್ಥವಾಗುತ್ತದೆ; ಊರೆಲ್ಲಾ ಒಂದಾಗಿ ನಡೆದರೆ ಮನೆಗೆ ನಾಲ್ಕು ಬುಡದಂತೆ ಉಳಿದ ರಸಬಾಳೆಯೇ ಮುಂದೆ ಈ ಸೀಮೆಯ ತೋಟಗಳಿಗೆ ಶುದ್ಧವಾದ ಬೀಜವಾಗುವುದು.