ಗಣಕದ ಕಿಟಕಿಯಲ್ಲಿ ಕನ್ನಡದ ಕೀಲಿ

ಗಣಕಯಂತ್ರದಲ್ಲಿ ಪತ್ರವೊಂದನ್ನು ಬರೆದು ಮುಚ್ಚಹೋದರೆ ತೆರೆಯ ನಡುವೆ ಪುಟ್ಟದೊಂದು ಕಿಟಕಿ ಮೂಡಿ, ‘ಬರೆದುದನ್ನು ಉಳಿಸಬೇಕೆ?’ ಎಂದು ಕೇಳುತ್ತದೆ. ಇದಕ್ಕೆ ಸಂವಾದ ಕಿಟಕಿಯೆಂದು ಹೆಸರು. ಹೆಸರೇನೋ ಅನ್ವರ್ಥಕವಾಗಿದೆ, ಯಂತ್ರ ಕೇಳುತ್ತದೆ, ನಾವು ಉತ್ತರ ಕೊಡುತ್ತೇವೆ. ಆದರೆ ಸಂವಾದವೆಂದ ಮೇಲೆ ಪ್ರಶ್ನೆ ಉತ್ತರಗಳೆರಡೂ ಒಂದೇ ಭಾಷೆಯಲ್ಲಿ ಇರಬೇಡವೆ?

ಉತ್ತರ ಕೊಡಲು ಮೌಸು ಒಂದು ದಾರಿ, ಕೀಲಿಮಣೆ ಇನ್ನೊಂದು. ಟ್ಯಾಬ್ ಕೀಲಿ ಒಂದು ಗುಂಡಿಯಿಂದ ಮತ್ತೊಂದಕ್ಕೆ ಒಯ್ಯುತ್ತದೆ. ಎಂಟರ್ ಒಪ್ಪಿಗೆಯನ್ನು ಸೂಚಿಸುತ್ತದೆ. ಎಸ್ಕೇಪ್ ಹಿಂದಕ್ಕೆ ಕರೆತರುತ್ತದೆ. ಇಷ್ಟಲ್ಲದೆ, ಗುಂಡಿಯ ಹೆಸರಿನಲ್ಲಿ ಒಂದು ಅಕ್ಷರಕ್ಕೆ ಅಡಿಗೆರೆ ಇರುತ್ತದೆ. ಆಲ್ಟ್ ಕೀಲಿಯೊಡನೆ ಆ ಅಕ್ಷರವನ್ನೊತ್ತಿದರೆ ಕೆಲಸವಾಯಿತು. ಇಂಗ್ಲಿಷಿನಲ್ಲಿ ‘ಸೇವ್’ ಎಂಬುದಕ್ಕೆ ‘ಎಸ್’. ಹುಬ್ಬಳ್ಳಿ-ಧಾರವಾಡದ ಮುದ್ರಣಾಲಯಗಳಲ್ಲಿ, ಕಚೇರಿಗಳಲ್ಲಿ ದಿನವೆಲ್ಲ ಬೆರಳಚ್ಚು ಮಾಡುವವರಿಗೆ ಇದರಿಂದ ಎಷ್ಟು ಶ್ರಮ ಉಳಿಯುತ್ತದೆ! ಯಂತ್ರವು ಓದಿ ಹೇಳುವುದನ್ನು ಕೇಳಿ ಕೆಲಸ ಮಾಡುವ ಅಂಧರಿಗಂತೂ ಇದು ಬರಿಯ ಅನುಕೂಲವಲ್ಲ. ಮೌಸಿನ ಬಾಣ ಕಾಣದವರಿಗೆ ಕೀಲಿಮಣೆಯೇ ದಾರಿ.

ಇನ್ನು ಕನ್ನಡದ ಮಾತು. ಗ್ನೋಮ್ ಎಂಬ ಮುಕ್ತ ತಂತ್ರಾಂಶವನ್ನು ಶ್ರಮವಹಿಸಿ ಕನ್ನಡಕ್ಕೆ ತಂದಿದ್ದಾರೆ. ಅದರಲ್ಲಿ ‘ಉಳಿಸು’ ಎಂದು ಬರೆದು, ಪಕ್ಕದ ಕಂಸದಲ್ಲಿ ಇಂಗ್ಲಿಷಿನ ‘ಎಸ್’ ಅಕ್ಷರವನ್ನು ಇಟ್ಟಿರುವುದನ್ನು ಕಾಣುತ್ತೇವೆ. ಅನುವಾದಕರನ್ನು ದೂರುವಂತಿಲ್ಲ. ನಮ್ಮ ಅಕ್ಷರಕ್ಕೆ ಕಾಗುಣಿತವುಂಟು, ಒತ್ತುಂಟು. ‘ಸ್ಥಾಪಿಸು’ ಎಂಬಲ್ಲಿ ಅಡಿಗೆರೆ ಎಳೆದರೆ ಅದು ಒತ್ತಕ್ಷರಕ್ಕೇ ತಗಲುತ್ತದೆ. ಆದರೂ ಫಲವೇನು? ‘ಉಳಿಸು’ ಎಂದು ಓದಿದ ಹುಡುಗ ಅದರ ಇಂಗ್ಲಿಷ್ ಮಾತನ್ನು ನೆನೆದು ಆಮೇಲೆ ‘ಎಸ್’ ಒತ್ತಬೇಕು. ಹೆಸರುಹಲಗೆ ಕನ್ನಡದ್ದು, ಒಳಗಿನ ವ್ಯವಹಾರ ಇಂಗ್ಲಿಷಿನದು.

ಇದಕ್ಕೆ ಪರಿಹಾರ ನಮ್ಮಲ್ಲಿಯೇ ಇದೆ. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಕರ್ನಾಟಕ ಸರಕಾರ ಒಪ್ಪಿಕೊಂಡಿದೆ. ‘ನುಡಿ’ ತಂತ್ರಾಂಶ ಬಳಸುವವರೆಲ್ಲ ಅದನ್ನು ಬಲ್ಲರು. ಅದರಲ್ಲಿ ‘ಯು’ ಕೀಲಿಗೆ ಉಕಾರ, ‘ಟಿ’ ಕೀಲಿಗೆ ತಕಾರ. ವ್ಯಂಜನವನ್ನು ಮೊದಲು ಒತ್ತಿ, ಸ್ವರವನ್ನು ಅನಂತರ ಕೂಡಿಸುವುದು ಅಲ್ಲಿಯ ಕ್ರಮ. ಹೀಗಿರುವಾಗ ‘ಉಳಿಸು’ವಿಗೆ ಉ, ‘ತೆರೆ’ಗೆ ತ, ‘ಸ್ಥಾಪಿಸು’ವಿಗೆ ಸ ಸಾಕು. ಅಡಿಗೆರೆಗೆ ಬದಲು ಆ ಮೂಲಾಕ್ಷರವನ್ನೇ ಕಂಸದಲ್ಲಿ ತೋರಿಸಬಹುದು. 1991ರ ಭಾರತೀಯ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುತ್ತವೆ. ಆದುದರಿಂದ ಯಂತ್ರವು ಕೀಲಿಯ ಸ್ಥಾನವನ್ನು ನೋಡದೆ, ಒತ್ತಿದ ಕನ್ನಡ ಅಕ್ಷರವನ್ನು ಗುರುತಿಸಬೇಕು.

ಪದಗಳನ್ನು ಆರಿಸುವಲ್ಲಿಯೂ ವಿವೇಚನೆ ಬೇಕು. ಒಂದೇ ಕಿಟಕಿಯಲ್ಲಿ ‘ಸರಿ’, ‘ಸಹಾಯ’ ಎರಡೂ ಇದ್ದರೆ ಸಕಾರ ಯಾರ ಪಾಲಿಗೆ? ‘ಸಹಾಯ’ದ ಬದಲು ‘ನೆರವು’ ಎಂದರೆ ತೊಡಕು ತೀರಿತು. ‘ಅಳಿಸು’, ‘ಅನ್ವಯಿಸು’ ಜೊತೆಗೆ ಬಂದಾಗ ಮೊದಲನೆಯದನ್ನು ‘ತೆಗೆ’ ಎನ್ನಬಹುದು. ಅಂತೆಯೇ, ಕೈತಪ್ಪಿ ಎಂಟರ್ ಒತ್ತಿದಾಗ ಬರೆದುದು ಅಳಿದುಹೋಗುವಂತಿರಬಾರದು. ಯಂತ್ರ ಮೊದಲೇ ಆರಿಸಿಟ್ಟ ಉತ್ತರ ಯಾವಾಗಲೂ ಹಾನಿಯಿಲ್ಲದ್ದೇ ಆಗಿರಲಿ.

ಪದ ಶುದ್ಧವಾಗಿದ್ದರೆ ಸಾಲದು, ಬೆರಳಿಗೂ ಒಗ್ಗಬೇಕು. ತಂತ್ರಜ್ಞರೂ ಭಾಷೆ ಕಲಿಸುವವರೂ ದಿನವೂ ಬೆರಳಚ್ಚು ಮಾಡುವವರೂ ಒಟ್ಟಿಗೆ ಕುಳಿತು ಇಂಥ ಪದಗಳ ಪಟ್ಟಿಯೊಂದನ್ನು ಮಾಡಿದರೆ, ಇಂಗ್ಲಿಷ್ ಬಾರದ ಕನ್ನಡಿಗನೂ ಗಣಕದ ಪ್ರಶ್ನೆಗೆ ಅಳುಕದೆ ಉತ್ತರ ಕೊಟ್ಟಾನು.