ತಾರೆಯ ಉಡುಗೊರೆ, ಖಜಾನೆಯ ಹಕ್ಕು

(ಹೆಮ್ಮಿಗೆಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಭತ್ತದ ಬೆಲೆ, ಮಕ್ಕಳ ಶಾಲಾ ಶುಲ್ಕಗಳನ್ನು ಬಿಟ್ಟು ಕ್ರಿಕೆಟಿಗರ ವಿದೇಶಿ ಕಾರಿನ ಮಾತೇಕೆ ಎಂದು ತಾವು ಕೇಳಬಹುದು. ಕಾರು ಅವರದು ನಿಜ. ಆದರೆ ಅದರ ಮೇಲೆ ಮನ್ನಾ ಆಗುವ ಸುಂಕ ನಮ್ಮೆಲ್ಲರದು.

2002ರಲ್ಲಿ ಸಚಿನ್ ತೆಂಡೂಲ್ಕರ್ ಟೆಸ್ಟ್ ಕ್ರಿಕೆಟಿನಲ್ಲಿ ಬ್ರಾಡ್ಮನ್ನರ 29 ಶತಕಗಳನ್ನು ಸರಿಗಟ್ಟಿದರು. ಫಿಯೆಟ್ ಕಂಪೆನಿ ಅವರಿಗೆ ಫೆರಾರಿ ಕಾರೊಂದನ್ನು ಉಡುಗೊರೆಯಾಗಿ ನೀಡಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಮೈಕೆಲ್ ಶುಮಾಕರ್ ಅದನ್ನು ಹಸ್ತಾಂತರಿಸಿದರು. ಕಾರನ್ನು ಭಾರತಕ್ಕೆ ತರಲು ಕಟ್ಟಬೇಕಾಗಿದ್ದ ಆಮದು ಸುಂಕ ಸುಮಾರು 1 ಕೋಟಿ 13 ಲಕ್ಷ ರೂಪಾಯಿ. 2003ರಲ್ಲಿ ಕೇಂದ್ರ ಸರಕಾರವು ಅದನ್ನು ಮನ್ನಾ ಮಾಡಲು ಮುಂದಾಯಿತು. ವಿಷಯ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿ, ಜನರು ಪ್ರಶ್ನಿಸತೊಡಗಿದಾಗ ಕೊನೆಗೆ ಸುಂಕವನ್ನು ಫಿಯೆಟ್ ಕಂಪೆನಿಯೇ ತೆತ್ತಿತು. ಕಟ್ಟಬಲ್ಲವರು ಇದ್ದೇ ಇದ್ದರು ಎಂದಾಯಿತು.

ಇದಕ್ಕೂ ಮೊದಲು, 1985ರಲ್ಲಿ, ಮೆಲ್ಬೋರ್ನ್‌ನಲ್ಲಿ ರವಿ ಶಾಸ್ತ್ರಿಯವರು ಗೆದ್ದ ಆಡಿ ಕಾರಿಗೂ ಸುಂಕ ವಿನಾಯಿತಿ ಸಿಕ್ಕಿತ್ತು. ಎರಡೂ ಒಂದೇ ಅಲ್ಲವೇ ಎನ್ನುವವರಿದ್ದಾರೆ. ಅಲ್ಲ. ಶಾಸ್ತ್ರಿಯವರದು ಮೈದಾನದಲ್ಲಿ ಗೆದ್ದ ಬಹುಮಾನ. ತೆಂಡೂಲ್ಕರ್ ಫಿಯೆಟ್ಟಿನ ಪ್ರಚಾರ ರಾಯಭಾರಿಯಾಗಿದ್ದರು. ಅವರ ಹೆಸರಿನಲ್ಲೇ ಕಂಪೆನಿ ಪಾಲಿಯೋ ಕಾರಿನ ವಿಶೇಷ ಮಾದರಿಯನ್ನು ಮಾರಿತ್ತು. ನಮ್ಮ ತೆರಿಗೆ ಇಲಾಖೆಯ 1986ರ ಸುತ್ತೋಲೆಯೂ ಇಂತಹ ವಿವೇಕವನ್ನು ತೋರಿತ್ತು: ವೃತ್ತಿಪರನಲ್ಲದ ಆಟಗಾರನಿಗೆ ಸಿಕ್ಕ ಪುರಸ್ಕಾರ ಉಡುಗೊರೆಯೆನಿಸುತ್ತದೆ, ಅದಕ್ಕೆ ತೆರಿಗೆಯಿಲ್ಲ, ಆಟವೇ ಕಸುಬಾದವನಿಗೆ ಅದು ಕಸುಬಿನ ಆದಾಯ.

ಇಸ್ಲಾಮ್ ಕ್ರೀಡೆಯ ವಿರೋಧಿಯಲ್ಲ. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾರೊಂದಿಗೆ(ರ) ಓಟದ ಸ್ಪರ್ಧೆ ನಡೆಸಿದ್ದನ್ನು ತಾವು ಬಲ್ಲಿರಿ. ಆದರೆ ಉಡುಗೊರೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಝಕಾತ್ ಸಂಗ್ರಹಿಸಲು ಹೋಗಿದ್ದ ಇಬ್ನುಲ್ ಲುತ್ಬಿಯ್ಯ ಮರಳಿ ಬಂದು, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದು ಬೇರ್ಪಡಿಸಿದಾಗ ಪ್ರವಾದಿವರ್ಯರು(ಸ) ಮಿಂಬರನ್ನೇರಿ ಅದನ್ನು ಖಂಡಿಸಿದರು. ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯ ತಿರುಳು. ಆಟಗಾರ ಅಧಿಕಾರಿಯಲ್ಲ, ಈ ಹದೀಸ್ ಅವನಿಗೆ ನೇರವಾಗಿ ಅನ್ವಯಿಸದು ಎಂಬ ಆಕ್ಷೇಪ ಸರಿಯೇ. ಆದರೆ ಸುಂಕ ಮನ್ನಾ ಮಾಡುವ ಮಂತ್ರಿ ಅಧಿಕಾರಿಯಲ್ಲವೇ? ಖಜಾನೆ ಅವನ ಸ್ವಂತ ಸೊತ್ತಲ್ಲ, ಅಮಾನತ್ತು. ಅವನು ಹೃದಯವಂತನಾಗಬೇಕಿದ್ದರೆ ತನ್ನ ಜೇಬಿನಿಂದ ಆಗಲಿ.

ದೇಶಕ್ಕೆ ಕೀರ್ತಿ ತಂದವರನ್ನು ಗೌರವಿಸಬಾರದೇ? ಧಾರಾಳವಾಗಿ ಗೌರವಿಸೋಣ. ಸರಕಾರವು ಸಾರ್ವಜನಿಕವಾಗಿ ಬಹುಮಾನ ಘೋಷಿಸಲಿ. ಅದು ಆಯವ್ಯಯದಲ್ಲಿ ಕಾಣಿಸುತ್ತದೆ, ಶಾಸನಸಭೆ ಪ್ರಶ್ನಿಸಬಹುದು. ಸುಂಕ ಮನ್ನಾ ಎಂಬುದು ಲೆಕ್ಕದ ಪುಸ್ತಕದಲ್ಲಿ ಖರ್ಚಾಗಿ ಕಾಣದ ಖರ್ಚು. ಕೊಲ್ಲಿಯಲ್ಲಿ ಬೆವರು ಸುರಿಸಿ ಮರಳುವವನು ಮನೆಗೆಂದು ತಂದ ಚಪ್ಪಟೆ ಟಿ.ವಿ.ಗೆ 2013ರ ಆಗಸ್ಟಿನಲ್ಲಿ ವಿನಾಯಿತಿ ರದ್ದಾಗಿ ಸುಮಾರು ಶೇ. 36 ಸುಂಕ ಬಿತ್ತು. ಅವನಿಗೆ ಅಂತಹ ಮನ್ನಾ ಸಿಗಲಿಲ್ಲ.

ಇಲ್ಲಿ ನಮ್ಮನ್ನೂ ಕೇಳಿಕೊಳ್ಳಬೇಕಾದ ಮಾತೊಂದಿದೆ. 2024ರ ವಿಶ್ವಕಪ್ ವಿಜಯದ ನಂತರ ತೆಲಂಗಾಣ ಸರಕಾರವು ಮುಹಮ್ಮದ್ ಸಿರಾಜ್‌ರಿಗೆ ಹೈದರಾಬಾದಿನ ಜುಬಿಲಿ ಹಿಲ್ಸ್‌ನಲ್ಲಿ 600 ಚದರ ಗಜದ ನಿವೇಶನವನ್ನೂ ಪೊಲೀಸ್ ಉಪಾಧೀಕ್ಷಕನ ಹುದ್ದೆಯನ್ನೂ ನೀಡಿತು. ಆಟೋ ಚಾಲಕನ ಮಗನ ಏಳಿಗೆ ಕಂಡು ನಾವು ಹೆಮ್ಮೆಪಟ್ಟೆವು, ತಪ್ಪೇನಿಲ್ಲ. ಆದರೆ ಐಪಿಎಲ್‌ನಲ್ಲಿ ಕೋಟಿಗಟ್ಟಲೆ ಸಂಭಾವನೆ ಪಡೆಯುವವರಿಗೆ ಸರಕಾರಿ ನಿವೇಶನವೇಕೆ ಎಂದು ತೆಂಡೂಲ್ಕರರ ವಿಷಯದಲ್ಲಿ ಕೇಳುವ ನಾಲಗೆ ಸಿರಾಜ್‌ರ ವಿಷಯದಲ್ಲಿ ಏಕೆ ತಡವರಿಸುತ್ತದೆ? ನ್ಯಾಯದ ಸಾಕ್ಷಿಗಳಾಗಿ ನಿಲ್ಲಿರಿ, ಅದು ಸ್ವತಃ ನಿಮಗೆ ವಿರುದ್ಧವಾಗಿದ್ದರೂ ಸರಿ ಎಂಬ ಕುರ್‌ಆನಿನ ಆದೇಶಕ್ಕೆ ರಿಯಾಯಿತಿಯಿಲ್ಲ.

ಈಗ ನಮ್ಮದೇ ತಾಲೂಕಿಗೆ ಬನ್ನಿ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ಖೋ ಖೋ ವಿಶ್ವಕಪ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಪುರುಷರ ತಂಡದಲ್ಲಿ ನಮ್ಮ ರಾಜ್ಯದ ಗೌತಮ್ ಇದ್ದರು. ಕರ್ನಾಟಕ ಸರಕಾರ ಇಬ್ಬರಿಗೂ ಘೋಷಿಸಿದ್ದು ತಲಾ 5 ಲಕ್ಷ ರೂಪಾಯಿ. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2 ಕೋಟಿ 25 ಲಕ್ಷ ರೂಪಾಯಿ ಮತ್ತು ಸರಕಾರಿ ಉದ್ಯೋಗವನ್ನು ಪ್ರಕಟಿಸಿತ್ತು. ನಮ್ಮವರಿಬ್ಬರೂ ಆ ಮೊತ್ತವನ್ನು ನಿರಾಕರಿಸಿದರು. ಕೆಲವರು ಅದನ್ನು ದುರಾಸೆ ಎಂದರು. ನನಗೆ ಹಾಗನಿಸಲಿಲ್ಲ. ಖೋ ಖೋ ಆಟಗಾರ್ತಿಗೆ ಜಾಹೀರಾತಿಲ್ಲ, ಹರಾಜಿಲ್ಲ, ಫೆರಾರಿ ಕೊಡುವ ಕಂಪೆನಿಯಿಲ್ಲ. ಸರಕಾರದ ಬಹುಮಾನವೇ ಅವಳ ಪಾಲಿಗೆ ನಾಳಿನ ಜೀವನ.

1 ಕೋಟಿ 13 ಲಕ್ಷವನ್ನು 5 ಲಕ್ಷದಿಂದ ಭಾಗಿಸಿ ನೋಡಿ, ಇಪ್ಪತ್ತೆರಡು ಚೈತ್ರಾಗಳ ಬಹುಮಾನವಾಗುತ್ತದೆ. ಅದೂ 2003ರ ರೂಪಾಯಿಯಲ್ಲಿ. ಮುಂದಿನ ಬಾರಿ ನಮ್ಮ ಶಾಸಕರು ಮತ ಕೇಳಲು ಬಂದಾಗ ಮಸೀದಿಯ ಕಾಂಪೌಂಡಿನ ಜೊತೆಗೆ ಕುರುಬೂರಿನ ಹುಡುಗಿಯ ಬಗ್ಗೆಯೂ ಕೇಳಿ.